ಎರಡು ಸಲ ಇಲ್ಲ ಅಂದಮೇಲೆ

ಬೇಸಿಗೆ ಗುಡ್ಡ
ಮೇ 16, 1761

ಅಮ್ಮಾ,

ಮೊದಲು ಕೂತುಕೋ. ಮೇಲಿನ ಇಸವಿ ಕೈತಪ್ಪಿ ಬರೆದದ್ದಲ್ಲ, ನೋಡಿಯೇ ಬರೆದಿದ್ದೇನೆ. ನಾನು ಸತ್ತಿಲ್ಲ, ಜೌಗಿನಲ್ಲಿ ಹೂತುಹೋಗಿಲ್ಲ, ಯಾರ ಜೊತೆಗೂ ಓಡಿಹೋಗಿಲ್ಲ. ಹಸುವೂ ಚೆನ್ನಾಗಿದೆ.

ಮೊನ್ನೆ ನಮ್ಮ ಹಸು ಬ್ಲಾರಾಗ್‌ಳನ್ನು ಹೊಡೆದುಕೊಂಡು ಗುಡ್ಡದ ಗುಡಿಸಲಿಗೆ ಬಂದೆನಲ್ಲ, ಸೂರಿಗೆ ಹುಲ್ಲುಹೆಂಟೆ ಹೊದಿಸಿ ಮುಗಿಸುವಷ್ಟರಲ್ಲಿ ಮೂಡಣ ಗಾಳಿ ಎದ್ದು ಮಳೆಯೆಲ್ಲ ಬಾಗಿಲಿನಿಂದ ಒಳಕ್ಕೇ ಬರತೊಡಗಿತು. ಪೂರ್ವದ ಬಾಗಿಲಿಗೆ ಹೆಂಟೆ ತುರುಕಿ ಮುಚ್ಚಿದೆ. ಹೊರಗೆ ಹೋಗಲು ದಾರಿ ಬೇಕಲ್ಲ, ಪಶ್ಚಿಮದ್ದನ್ನು ಬಿಚ್ಚಿದೆ. ಆ ಬಾಗಿಲನ್ನು ನಾನು ಹುಟ್ಟಿದ ಮೇಲೆ ಯಾರೂ ತೆರೆದದ್ದೇ ಇಲ್ಲ ಎಂದು ಆಮೇಲೆ ನೆನಪಾಯಿತು. ಹಸುವಿನ ಹಗ್ಗ ಹಿಡಿದು ಅದರಿಂದ ಆಚೆ ಬಂದರೆ ಗುಡ್ಡದ ತುಂಬ ಹೊಗೆ. ಬರೀ ಕಲ್ಲುಗುಪ್ಪೆಯಾಗಿ ಬಿದ್ದಿದ್ದ ಹನ್ನೆರಡು ಗುಡಿಸಲಿಗೂ ಸೂರು ಬಂದಿದೆ. ಎಲ್ಲಿ ನೋಡಿದರೂ ಹೆಂಗಸರು, ಹಸುಗಳು, ಬೆಣ್ಣೆ ಕಡೆಯುವ ಸದ್ದು.

ಮೋರ್ ಅತ್ತೆ ಎಂಬ ದಪ್ಪನೆಯ ಹೆಂಗಸು ಇವರಿಗೆಲ್ಲ ಯಜಮಾನಿ. ನನ್ನ ರಬ್ಬರ್ ಬೂಟುಗಳನ್ನೇ ನೋಡುತ್ತಿದ್ದಳು. ನಾನು ಸುಳ್ಳು ಹೇಳಲು ಹೋಗದೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಅವಳು ಎಲ್ಲ ಕೇಳಿ, "ಎಲ್ಲಿಂದ ಬಂದ್ರೇನಮ್ಮ, ಹಾಲು ಕರೆಯೋಕ್ ಬರುತ್ತಾ?" ಅಂದಳು. ಬರುತ್ತೆ ಅಂದೆ. ಮಾತು ಅಲ್ಲಿಗೆ ಮುಗಿಯಿತು.

ನೀನು ನನ್ನನ್ನು ಹುಡುಕಿಕೊಂಡು ಬಂದು ಗೋಡೆಗೂಡಿನಲ್ಲಿ ಮರೆತುಹೋದ ಟಾರ್ಚ್ ಇವತ್ತು ಬೆಳಿಗ್ಗೆ ಇಲ್ಲಿ ಅದೇ ಗೂಡಿನಲ್ಲಿ ಸಿಕ್ಕಿತು. ಆ ಕಡೆಯದು ಈ ಕಡೆ ಬರುವುದಾದರೆ ಈ ಕಡೆಯದು ಆ ಕಡೆ ಹೋಗಲೇಬೇಕು ಎಂದು ಈ ಪತ್ರವನ್ನು ಆ ಗೂಡಿನಲ್ಲಿರುವ ಹಾಲಿನ ಬೋಗುಣಿಯ ಕೆಳಗೆ ಇಡುತ್ತಿದ್ದೇನೆ. ನಿನ್ನೆ ಪಶ್ಚಿಮದ ಬಾಗಿಲಿನಿಂದ ಒಳಗೆ ಹೋಗಿ ಪೂರ್ವದಿಂದ ತಲೆ ಹೊರಗೆ ಹಾಕಿ ನೋಡಿದೆ. ವಿಮಾನದ ಸದ್ದು ಕೇಳಿಸಿತು. ಅಂದರೆ ಬೇಕಾದಾಗ ಬರಬಹುದು, ಹೆದರಬೇಡ. ಒಂದು ವಾರ ಇದ್ದು ಬರುತ್ತೇನೆ.

ನಿನ್ನ ಮಗಳು
ಇಶ್ಬೆಲ್

---

ಹಾಮರ್ಬೋಸ್ಟ್, ಲೂಯಿಸ್ ದ್ವೀಪ
ಮೇ 20, 1961

ಇಶ್ಬೆಲ್,

ಕೂತುಕೋ ಅಂತೀಯಲ್ಲ, ಎಲ್ಲಿ ಕೂರಲಿ? ಮೂರು ದಿನ ಗುಡ್ಡದಲ್ಲಿ ನಿನ್ನ ಹೆಸರು ಕೂಗಿ ಕೂಗಿ ಗಂಟಲು ಕಟ್ಟಿದೆ. ಪೊಲೀಸರಿಗೆ ಹೇಳೋಣವೆಂದು ಹೊರಟವಳ ಕೈಗೆ ನಿನ್ನ ಪತ್ರ ಸಿಕ್ಕಿತು. ಪೊಲೀಸರಿಗೆ ಈಗ ಏನೆಂದು ಹೇಳಲಿ? ಮಗಳು ಇಲ್ಲೇ ಇದ್ದಾಳೆ, ಇಸವಿ ಬೇರೆ ಅಂತಲೇ? ಊರಿನಲ್ಲಿ ನೀನು ಗ್ಲ್ಯಾಸ್ಗೋಗೆ ಚಿಕ್ಕಮ್ಮನ ಮನೆಗೆ ಹೋಗಿದ್ದೀಯ ಎಂದಿದ್ದೇನೆ. ಪಕ್ಕದ ಮನೆ ಡೋಲಿನಾ, "ಹಸು ಕರ್ಕೊಂಡಾ?" ಎಂದು ಕೇಳಿದಳು. ಐವತ್ತೆಂಟು ವರ್ಷಕ್ಕೆ ನನ್ನನ್ನು ಸುಳ್ಳುಗಾತಿ ಮಾಡಿದೆ.

ಒಂದು ವಾರ ಎಂದಿದ್ದೀಯ. ನೀನು ಗುಡ್ಡಕ್ಕೆ ಹೋದ ದಿನದಿಂದ ಎಣಿಸಿದರೆ ಆ ವಾರ ಇವತ್ತಿಗೆ ಮುಗಿಯಿತು. ಹಸು ಹಿಡಿದುಕೊಂಡು ಬಾ. ಕಪ್ಪು ಚಹಾ ಕುಡಿದು ನನಗೆ ಸಾಕಾಗಿದೆ.

ನೀನೀಗ ಇರುವ ಕಾಲದಲ್ಲಿ ಸಿಡುಬು ಇತ್ತೆಂದು ಪಾದ್ರಿಗಳ ಪುಸ್ತಕದಲ್ಲಿ ಓದಿದೆ. ಚಿಕ್ಕವಳಿದ್ದಾಗ ನಿನಗೆ ಚುಚ್ಚಿಸಿದ್ದೇನೆ, ತೋಳಿನ ಮೇಲೆ ಗುರುತಿದೆ, ಅದೊಂದು ಧೈರ್ಯ. ಅಲ್ಲಿ ಚಹಾ ಸಿಗುವುದಿಲ್ಲವೆಂದು ಕಾಣುತ್ತದೆ. ಕಾಲು ಪೌಂಡ್ ಇಟ್ಟಿದ್ದೇನೆ. ಎಲ್ಲರಿಗೂ ಹಂಚುತ್ತಾ ಕೂರಬೇಡ.

ಇನ್ನೊಂದು ಮಾತು. ಪಂಚಾಂಗ ತೆಗೆದು ಲೆಕ್ಕ ಹಾಕಿದೆ. ತಾರೀಖು ಒಂದೇ ಆದರೂ ವಾರ ಬೇರೆ. ನಿಮ್ಮ ಭಾನುವಾರ ಇಲ್ಲಿ ಬುಧವಾರ ಬೀಳುತ್ತದೆ. ಸಬ್ಬತ್ ದಿನ ಬರೆದ ಪತ್ರ ಮುಟ್ಟಿದರೆ ನನಗೂ ಪಾಪ, ನಿನಗೂ ಪಾಪ. ಅದಕ್ಕೇ ನಾನೀಗ ಎರಡನ್ನೂ ಪಾಲಿಸುತ್ತಿದ್ದೇನೆ. ವಾರಕ್ಕೆ ಎರಡು ಸಬ್ಬತ್! ನನ್ನ ಮಗ್ಗ ಎರಡು ದಿನ ಸುಮ್ಮನೆ ನಿಂತಿರುತ್ತದೆ. ಇದೆಲ್ಲ ನಿನ್ನಿಂದ.

ಬೇಗ ಬಾ.

ಅಮ್ಮ

---

ಬೇಸಿಗೆ ಗುಡ್ಡ
ಜೂನ್ 10, 1761

ಅಮ್ಮಾ,

ಬರುತ್ತೇನೆ, ಬರುತ್ತೇನೆ. ಮೋರ್ ಅತ್ತೆಗೆ ಮಂಡಿನೋವು, ಹದಿನಾಲ್ಕು ಹಸುಗಳಿಗೆ ಕೈ ಸಾಲದು. ಇಷ್ಟರ ಮಧ್ಯೆ ಬಿಟ್ಟು ಬಂದರೆ ನಾಳೆ ನೀನೇ ನನ್ನನ್ನು ಬೈಯುತ್ತೀಯ.

ಬೆಳಿಗ್ಗೆ ಹಾಲು ಕರೆದು, ಬೋಗುಣಿಗಳಿಗೆ ಸುರಿದು, ಕೆನೆ ಕಟ್ಟುವವರೆಗೆ ಉಣ್ಣೆ ಹಿಂಜುತ್ತಾ ಕೂರುತ್ತೇವೆ. ಒಬ್ಬಳು ಹಾಡು ಎತ್ತಿದರೆ ಉಳಿದವರು ಸೊಲ್ಲು ಸೇರಿಸುತ್ತಾರೆ. ಅಜ್ಜಿ ಗೊಣಗುತ್ತಿದ್ದ ಹಾಡಿನ ಮುಂದಿನ ಒಂಬತ್ತು ನುಡಿಗಳು ಇವರಿಗೆ ಗೊತ್ತಿವೆ! ನಾನು ಚಹಾ ಕಾಸಿ ಕೊಟ್ಟೆ. ಮೋರ್ ಅತ್ತೆ ನೀರನ್ನು ಚೆಲ್ಲಿ ಸೊಪ್ಪನ್ನು ಬೆಣ್ಣೆ ಹಾಕಿ ತಿಂದಳು. ಚೆನ್ನಾಗಿದೆಯಂತೆ.

ಗಂಡಸರು ಊರಿನಲ್ಲೇ ಇರುತ್ತಾರೆ. ವಾರಕ್ಕೊಮ್ಮೆ ಓಟ್ಸ್ ಹಿಟ್ಟು ಹೊತ್ತು ತಂದು, ಬೆಣ್ಣೆ ಗಿಣ್ಣು ಹೊತ್ತುಕೊಂಡು ಹೋಗುತ್ತಾರೆ. ನಮ್ಮ ಗುಡಿಸಲಿಗೆ ಬರುವವನು ಮೋರ್ ಅತ್ತೆಯ ಅಣ್ಣನ ಮಗ ಟಾರ್ಮೊಡ್. ನಮ್ಮ ಊರಿನವನೇ, ಹಾಮರ್ಬೋಸ್ಟ್‌ನವನು. ಸಮುದ್ರದ ಕಡೆ ಬಾವಿ ಇದೆಯಲ್ಲ, ಅದರ ಮೇಲುಗಡೆ ಅವನ ಮನೆ. ಮೊದಲ ದಿನ ನನ್ನ ರಬ್ಬರ್ ಬೂಟು ನೋಡಿ, ಇದು ಯಾವ ಪ್ರಾಣಿಯ ಚರ್ಮ ಎಂದು ಕೇಳಿದ. ಕಡಲಸಿಂಹದ್ದು ಅಂದೆ. ಟಾರ್ಮೊಡ್ ಅದನ್ನು ಮೂಸಿ ನೋಡಿ, "ಪಾಪ, ಕಾಯಿಲೆ ಬಿದ್ದು ಸತ್ತಿರಬೇಕು," ಅಂದ. ಆಮೇಲೆ ನಾವಿಬ್ಬರೂ ಎಷ್ಟು ನಕ್ಕೆವೆಂದರೆ ಮೋರ್ ಅತ್ತೆ ಸೌಟು ತೆಗೆದುಕೊಂಡು ಬಂದಳು. ಟಾರ್ಮೊಡ್‌ಗೆ ಬಲಗೈಯಲ್ಲಿ ಎರಡು ಬೆರಳಿಲ್ಲ, ದೋಣಿಯ ಹಗ್ಗಕ್ಕೆ ಸಿಕ್ಕಿ ಹೋದವು. ಆದರೂ ಟಾರ್ಮೊಡ್ ಕಟ್ಟಿದ ಗಂಟು ಬಿಚ್ಚುವವರಿಲ್ಲ. ಇಲ್ಲಿ ಈಗ ಗಂಡಸರು ಕಿಲ್ಟ್ ಉಡಬಾರದೆಂದು ಸರ್ಕಾರದ ಕಟ್ಟಪ್ಪಣೆಯಂತೆ. ಟಾರ್ಮೊಡ್ ಪ್ಯಾಂಟು ಹಾಕಿಕೊಳ್ಳುತ್ತಾನೆ, ಗುಡ್ಡ ಹತ್ತುವಾಗ ಅದನ್ನು ಕಳಚಿ ಹೆಗಲ ಮೇಲೆ ಹಾಕಿಕೊಂಡು, ಮೈಗೆ ಕಂಬಳಿ ಸುತ್ತಿಕೊಂಡು ಬರುತ್ತಾನೆ. ಪ್ಯಾಂಟು ಹಾಕಿಕೊಂಡೇ ಇರಬೇಕೆಂದು ಕಾನೂನಿನಲ್ಲಿ ಎಲ್ಲಿದೆ ಎಂದು ಕೇಳುತ್ತಾನೆ.

ಬೇಸಿಗೆ ಮುಗಿದ ಕೂಡಲೇ ಬರುತ್ತೇನೆ.

ಇಶ್ಬೆಲ್

---

ಹಾಮರ್ಬೋಸ್ಟ್
ಜೂನ್ 24, 1961

ಇಶ್ಬೆಲ್,

ನಿನ್ನ ಪತ್ರದಲ್ಲಿ ಟಾರ್ಮೊಡ್ ಎಂಬ ಹೆಸರು ಐದು ಸಲ ಬಂದಿದೆ. ಅಮ್ಮ ಎಂಬುದು ಒಂದು ಸಲ. ನಾನೇನೂ ಕುರುಡಿಯಲ್ಲ.

ಬೆರಳಿನ ಮಾತು ಓದಿ ಮಾತ್ರ ಸಮಾಧಾನವಾಯಿತು. ನಿಮ್ಮ ಕಾಲದಲ್ಲಿ ಗಟ್ಟಿಮುಟ್ಟಾದ ಹುಡುಗರನ್ನೆಲ್ಲ ಸೈನ್ಯಕ್ಕೆ ಸೇರಿಸಿ ಅಮೆರಿಕಕ್ಕೆ ಸಾಗಿಸುತ್ತಿದ್ದರಂತೆ. ಬಂದೂಕಿನ ಕುದುರೆ ಎಳೆಯಲು ಬೆರಳಿಲ್ಲದವನನ್ನು ಯಾರೂ ಒಯ್ಯುವುದಿಲ್ಲ. ಒಬ್ಬ ಮನುಷ್ಯನಿಗೆ ಬೆರಳಿಲ್ಲವೆಂದು ದೇವರಿಗೆ ಸ್ತೋತ್ರ ಹೇಳಿದ್ದು ಜನ್ಮದಲ್ಲಿ ಇದೇ ಮೊದಲು. ಅಷ್ಟಕ್ಕೇ ನೀನು ಬೇರೆ ಏನೂ ಅರ್ಥ ಮಾಡಿಕೊಳ್ಳಬೇಡ.

ಈಗ ಸರಿಯಾಗಿ ಕೇಳು. ಗುಡ್ಡದ ಮೇಲೆ ರಸ್ತೆ ಬರುತ್ತಿದೆ. ಸೆಪ್ಟೆಂಬರ್ ಮೊದಲ ವಾರ ಲಾರಿ ಬರುತ್ತದೆ, ತಳಪಾಯಕ್ಕೆ ಬೇಸಿಗೆ ಗುಡಿಸಲುಗಳ ಕಲ್ಲನ್ನೆಲ್ಲ ಒಯ್ಯುತ್ತಾರೆ. ನಮ್ಮದನ್ನು ಬಿಡಿ ಎಂದು ಕೇಳಿಕೊಂಡೆ. ಯಾರೂ ವಾಸವಿಲ್ಲದ ಗುಡಿಸಲಿನಿಂದ ನಿಮಗೇನು ಉಪಯೋಗ ಎಂದು ನಕ್ಕರು. ಆ ಗೋಡೆ ಹೋದರೆ ಬಾಗಿಲು ಹೋಯಿತು, ಗೂಡೂ ಹೋಯಿತು. ಆಮೇಲೆ ನೀನು ಆ ಕಡೆ, ನಾನು ಈ ಕಡೆ. ನಿನ್ನ ಬೆಣ್ಣೆ, ಹಾಡು, ಮಂಡಿನೋವು ಎಲ್ಲ ಆಗಸ್ಟ್ ತಿಂಗಳೊಳಗೆ ಮುಗಿಯಬೇಕು.

ನಿಮ್ಮಪ್ಪ ಹೋದಾಗ ಗ್ಲ್ಯಾಸ್ಗೋದ ಕೆಲಸ ಬಿಟ್ಟು ನನ್ನ ಹತ್ತಿರ ಬಂದವಳು ನೀನು. ಒಬ್ಬಳೇ ಮಗಳು. ಮರೆಯಬೇಡ.

ಅಮ್ಮ

---

ಬೇಸಿಗೆ ಗುಡ್ಡ
ಜುಲೈ 8, 1761

ಮಾನ್ಯ ಮುರ್ಡಿನಾ ಅವರಿಗೆ,

ನನ್ನ ಹೆಸರು ಲಾಕ್ಲನ್. ಹಾಮರ್ಬೋಸ್ಟ್‌ನಲ್ಲಿ ಅಕ್ಷರ ಬಲ್ಲವನು ನಾನೊಬ್ಬನೇ, ಹಾಗಾಗಿ ಊರಿನ ಪರವಾಗಿ ಬರೆಯುತ್ತಿದ್ದೇನೆ. ತಾವು ದೂರದಲ್ಲಿದ್ದೀರಿ ಎಂದು ಕೇಳಿದೆ. ಎಷ್ಟು ದೂರ ಎಂಬುದನ್ನೂ ಕೇಳಿದೆ, ಆದರೆ ಅದು ನನ್ನ ತಲೆಗೆ ಹೋಗಲಿಲ್ಲ. ಗಂಡ ಸಮುದ್ರಕ್ಕೆ ಹೋಗಿ ಬಾರದ ಮನೆ ಎಂದೂ ತಿಳಿಯಿತು. ನಮ್ಮಲ್ಲಿ ಅಂಥ ಮನೆಗಳು ಬಹಳ ಇವೆ, ಆದ್ದರಿಂದ ತಮ್ಮನ್ನೇ ಯಜಮಾನಿ ಎಂದು ಭಾವಿಸಿ ಕೇಳುತ್ತಿದ್ದೇನೆ.

ನಮ್ಮ ಕಡೆಯ ಒಬ್ಬ ಯುವಕ ಕೊಟ್ಟಿಗೆ ಕಟ್ಟಿದ್ದಾನೆ. ಒಳ್ಳೆಯ ಸೂರು, ಒಣ ಹುಲ್ಲು, ಹತ್ತಿರದಲ್ಲೇ ಬಾವಿ. ಕೊಟ್ಟಿಗೆಯಲ್ಲಿ ಹಸು ಮಾತ್ರ ಇಲ್ಲ. ತಮ್ಮ ಮನೆಯಲ್ಲಿ ಒಂದು ಎಳೆಯ ಹಸು ಇದೆಯೆಂದೂ, ಗುಣದಲ್ಲಿ ಒಳ್ಳೆಯದೆಂದೂ ಕೇಳಿದ್ದೇವೆ. ಅದನ್ನು ನಮ್ಮ ಹುಡುಗನಿಗೆ ಕೊಡುವಿರಾ? ಮೇವಿಗೆ ಕೊರತೆ ಮಾಡುವುದಿಲ್ಲ, ಚಳಿಗಾಲದಲ್ಲಿ ಒಳಗೆ ಕಟ್ಟುತ್ತೇವೆ, ಕೋಲು ಎತ್ತುವುದಿಲ್ಲ.

ತಮ್ಮ ಉತ್ತರಕ್ಕೆ ಕಾದಿರುವ
ಲಾಕ್ಲನ್

---

ಹಾಮರ್ಬೋಸ್ಟ್
ಜುಲೈ 13, 1961

ಲಾಕ್ಲನ್ ಅವರೇ,

ಹೆಣ್ಣು ಕೇಳುವಾಗ ಹಸು ಕೇಳಿದ ಹಾಗೆ ಕೇಳುವ ಪದ್ಧತಿ ನಮ್ಮಲ್ಲೂ ಇದೆ. ನನ್ನನ್ನು ಕೇಳಲು ಬಂದವರು ದೋಣಿ ಇದೆಯಾ ಅಂದಿದ್ದರು. ಎಲ್ಲ ಒಂದು ಸಂಜೆಯ ನಗೆಚಾಟಿಕೆ. ಆದರೆ ಈಗ ನನಗೆ ನಗು ಬರುತ್ತಿಲ್ಲ.

ನನ್ನ ಮನೆಯಲ್ಲಿ ಇದ್ದದ್ದು ಒಂದೇ ಹಸು. ಅದನ್ನೂ ಕೇಳದೆ ಕೇಳಿಸದೆ ಎರಡು ತಿಂಗಳ ಹಿಂದೆಯೇ ಹೊಡೆದುಕೊಂಡು ಹೋಗಿದ್ದೀರಿ. ಮೊದಲು ಅದನ್ನು ವಾಪಸ್ಸು ಕಳಿಸಿ. ಕೊಡುವ ಹಸು ನನ್ನ ಹತ್ತಿರ ಯಾವುದೂ ಇಲ್ಲ. ನಿಮ್ಮ ಹುಡುಗ ಕೊಟ್ಟಿಗೆಯಲ್ಲಿ ಕುರಿ ಕಟ್ಟಿಕೊಳ್ಳಲಿ.

ಮುರ್ಡಿನಾ

---

ಬೇಸಿಗೆ ಗುಡ್ಡ
ಜುಲೈ 18, 1761

ಅಮ್ಮಾ, ಅಮ್ಮಾ,

ಏನು ಬರೆದುಬಿಟ್ಟೆ ನೀನು! ಲಾಕ್ಲನ್ ತಾತ ನಿನ್ನ ಪತ್ರವನ್ನು ಎಲ್ಲರ ಮುಂದೆ ನಿಂತು ಓದಿದರು. ಕೇಳದೆ ಕೇಳಿಸದೆ ಹೊಡೆದುಕೊಂಡು ಹೋದಿರಿ ಎಂಬಲ್ಲಿಗೆ ಬಂದಾಗ ಹನ್ನೆರಡು ಗುಡಿಸಲಿನ ಹೆಂಗಸರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕುರಿಯ ಮಾತಿಗೆ ಟಾರ್ಮೊಡ್‌ನ ಮುಖ ಕೆಂಪಾಯಿತು. ಐವತ್ತು ವರ್ಷದಲ್ಲಿ ಇಷ್ಟು ಸೊಗಸಾದ ‘ಇಲ್ಲ’ ಕೇಳಿಲ್ಲ ಎಂದು ತಾತ ಎರಡು ಸಲ ಓದಿಸಿಕೊಂಡರು, ಅಂದರೆ ತಾವೇ ಇನ್ನೊಂದು ಸಲ ಓದಿದರು. ಆಮೇಲೆ ಎಲ್ಲರಿಗೂ ಒಂದೊಂದು ಗುಟುಕು ವಿಸ್ಕಿ ಆಯಿತು. ತಾತನ ಹೆಂಡತಿ ಹೋಗಿ ಹತ್ತು ವರ್ಷವಾಯಿತು. ನಿನಗೆ ವಯಸ್ಸೆಷ್ಟು ಎಂದು ನನ್ನನ್ನು ಗುಟ್ಟಾಗಿ ಕೇಳಿದರು.

ನಾನು ಕೇಳಿದೆ, ಅಮ್ಮ ಬೇಡ ಅಂತಲೇ ಬರೆದಿದ್ದರೆ? ಮೋರ್ ಅತ್ತೆ ನನ್ನ ತಲೆ ನೇವರಿಸಿ, "ಬೇಡ ಅನ್ನದೇ ಕೊಟ್ಟುಬಿಡೋಕೆ ನಿಮ್ಮಮ್ಮ ಏನ್ ಮರ್ಯಾದೆ ಇಲ್ಲದೋಳಾ?" ಅಂದಳು.

ಅಮ್ಮಾ, ನೀನು ನಿಜವಾಗಿಯೇ ಬೇಡ ಅಂದೆಯಾ?

ಇಶ್ಬೆಲ್

---

ಹಾಮರ್ಬೋಸ್ಟ್
ಜುಲೈ 22, 1961

ಲಾಕ್ಲನ್ ಅವರಿಗೆ, ಇಶ್ಬೆಲ್‌ಗೆ, ಆ ಹುಡುಗನಿಗೆ, ಓದಿ ಕೇಳಿಸಿಕೊಳ್ಳುವ ಎಲ್ಲರಿಗೂ,

ಹಸು ಗಿಸು ಎಲ್ಲ ಬಿಟ್ಟು ನೇರವಾಗಿ ಹೇಳುತ್ತೇನೆ. ನನ್ನ ಮಗಳನ್ನು ಕೊಡುವುದಿಲ್ಲ. ಇಲ್ಲ ಎಂದರೆ ಇಲ್ಲ. ಇದು ತಮಾಷೆಯಲ್ಲ, ನಗಬೇಡಿ, ವಿಸ್ಕಿ ಕುಡಿಯಬೇಡಿ.

ಟಾರ್ಮೊಡ್, ನೀನು ಒಳ್ಳೆಯವನಿರಬಹುದು. ಆದರೆ ನಮ್ಮ ಲೆಕ್ಕದಲ್ಲಿ ನೀನು ಸತ್ತು ಎಷ್ಟೋ ಕಾಲವಾಯಿತಪ್ಪ. ಕಡಲ ಪಕ್ಕದ ಸ್ಮಶಾನದಲ್ಲಿ ಹೆಸರಿಲ್ಲದ ಕಲ್ಲುಗಳ ಕೆಳಗೆ ಎಲ್ಲೋ ಮಲಗಿದ್ದೀಯ, ಪ್ರತಿ ಸಲ ಗಂಡನ ಹೆಸರಿನ ಕಲ್ಲಿಗೆ ಹೂ ಇಡಲು ಹೋಗುವಾಗ ನಿನ್ನನ್ನು ತುಳಿದುಕೊಂಡು ಹೋಗಿದ್ದೇನೋ ಏನೋ. ಅಂಥವನಿಗೆ ಇಪ್ಪತ್ತಾರರ ಮಗಳನ್ನು ಹೇಗೆ ಕೊಡಲಿ? ಅವಳನ್ನು ನಿನಗೆ ಕೊಟ್ಟ ದಿನವೇ ಅವಳೂ ಆ ಕಲ್ಲುಗಳ ಕೆಳಗೆ ಸೇರುತ್ತಾಳೆ. ಒಬ್ಬರನ್ನು ಕಡಲಿಗೆ ಕೊಟ್ಟಾಗಿದೆ. ಇನ್ನೊಬ್ಬಳನ್ನು ಕೊಡಲಾರೆ.

ಇಶ್ಬೆಲ್, ಮನೆಗೆ ಬಾ.

ಮುರ್ಡಿನಾ

---

ಬೇಸಿಗೆ ಗುಡ್ಡ
ಜುಲೈ 29, 1761

ಅಮ್ಮಾ,

ಈ ಸಲ ಯಾರೂ ನಗಲಿಲ್ಲ. ತಾತ ಓದಿ ಮುಗಿಸಿದಾಗ ಮೋರ್ ಅತ್ತೆ ಕಣ್ಣೊರೆಸಿಕೊಂಡಳು. ಟಾರ್ಮೊಡ್ ಎದ್ದು ಹೊರಗೆ ಹೋದ. ಬಹಳ ಹೊತ್ತಾದ ಮೇಲೆ ಬಂದು, "ಅವರು ನನ್ನ ತುಳಿದ್ರೆ ನಂಗೇನೂ ಬೇಜಾರಿಲ್ಲ ಅಂತ ಬರಿ," ಅಂದ. ಬರೆದಿದ್ದೇನೆ.

ಆದರೆ ಅಮ್ಮಾ, ನಿನಗೊಂದು ವಿಷಯ ಹೇಳದಿದ್ದರೆ ಮೋಸವಾಗುತ್ತದೆ. ನಮ್ಮ ಕಾಲದಲ್ಲಿ ಇದೆಲ್ಲ ಒಂದು ಸಂಜೆಯ ಆಟ, ಯಾರೂ ಎಣಿಸುವುದಿಲ್ಲ. ಇಲ್ಲಿ ಎಣಿಸುತ್ತಾರೆ. ಹೆಣ್ಣಿನ ಕಡೆಯವರು ಎರಡು ಸಲ ಇಲ್ಲ ಅನ್ನಲೇಬೇಕು. ಮೊದಲನೆಯದು ನಗಿಸುವಂತಿರಬೇಕು, ಎರಡನೆಯದು ಅಳಿಸುವಂತಿರಬೇಕು. ಕೋಪದ ಮಾತಾಡಿದರೂ ಯಾರೂ ಕೋಪಿಸಿಕೊಳ್ಳುವುದಿಲ್ಲ. ಮೂರನೆಯದು ಹೂಂ. ನಿಜವಾಗಿ ಕೊಡಲು ಮನಸ್ಸಿಲ್ಲದವರು ಮೂರನೆಯ ಸಲ ಉತ್ತರವನ್ನೇ ಕೊಡುವುದಿಲ್ಲ. ಸುಮ್ಮನಿರುವುದೇ ಇಲ್ಲಿ ‘ಇಲ್ಲ’. ನೀನು ನಿಜವಾಗಿ ಹೇಳಿದ ಎರಡೂ ಇಲ್ಲಗಳು ಪದ್ಧತಿಯಂತೆ ಸಂದುಹೋಗಿವೆ. ನಿನ್ನಷ್ಟು ಚೆನ್ನಾಗಿ ಮಗಳನ್ನು ಕೊಡುವ ತಾಯಿಯನ್ನು ನೋಡಿಲ್ಲ ಎನ್ನುತ್ತಾರೆ ತಾತ.

ಆಗಸ್ಟ್ 26ಕ್ಕೆ ನಾವು ಗುಡ್ಡ ಇಳಿಯುತ್ತೇವೆ. ಇಲ್ಲಿ ಮರವೇ ಇಲ್ಲವಲ್ಲ, ಗುಡಿಸಲಿನ ತೊಲೆಗಳನ್ನು ಬಿಚ್ಚಿ ಊರಿಗೆ ಹೊತ್ತುಕೊಂಡು ಹೋಗುತ್ತಾರೆ. ಅಷ್ಟರೊಳಗೆ ಗೂಡಿನಲ್ಲಿ ನಿನ್ನ ಪತ್ರವಿದ್ದರೆ ಟಾರ್ಮೊಡ್‌ನ ಜೊತೆ ಇಳಿಯುತ್ತೇನೆ. ಇಲ್ಲದಿದ್ದರೆ ಹಸು ಹಿಡಿದುಕೊಂಡು ನಿನ್ನ ಹತ್ತಿರ ಬರುತ್ತೇನೆ. ನನಗೆ ಅವನು ಬೇಕು ಅಮ್ಮಾ, ಸುಳ್ಳು ಹೇಳುವುದಿಲ್ಲ. ಆದರೆ ನಿನ್ನನ್ನು ಕೇಳದೆ, ನೀನು ಒಪ್ಪದೆ ಹೋಗುವುದಿಲ್ಲ. ಇದನ್ನೂ ಸುಳ್ಳು ಹೇಳುತ್ತಿಲ್ಲ.

ಇಶ್ಬೆಲ್

---

ಬೇಸಿಗೆ ಗುಡ್ಡ
ಆಗಸ್ಟ್ 11, 1761

ಅಮ್ಮಾ,

ಗೂಡು ಖಾಲಿ. ದಿನಕ್ಕೆ ನಾಲ್ಕು ಸಲ ಬೋಗುಣಿ ಎತ್ತಿ ನೋಡುತ್ತೇನೆ. ಅದರಿಂದ ಹಾಲು ಕದಡಿ ಕೆನೆ ಕಟ್ಟುತ್ತಿಲ್ಲ ಎಂದು ಮೋರ್ ಅತ್ತೆ ಬೈಯುತ್ತಾಳೆ. ನೀನು ಹುಷಾರಾಗಿದ್ದೀಯ ತಾನೇ? ಉತ್ತರ ಬೇಡ. ಹುಷಾರಾಗಿದ್ದರೆ ಒಂದು ಉಣ್ಣೆಯ ಎಳೆ ಇಡು, ಸಾಕು. ಉಣ್ಣೆ ಉತ್ತರವಲ್ಲ ಎಂದು ತಾತನನ್ನು ಕೇಳಿದ್ದೇನೆ, ಒಪ್ಪಿದ್ದಾರೆ.

ಇಶ್ಬೆಲ್

---

ಬೇಸಿಗೆ ಗುಡ್ಡ
ಆಗಸ್ಟ್ 18, 1761

ಅಮ್ಮಾ,

ನೀಲಿ ಉಣ್ಣೆ ಸಿಕ್ಕಿತು. ಸದ್ಯ, ಹುಷಾರಾಗಿದ್ದೀಯ.

ನಿನ್ನ ಉತ್ತರ ಏನೆಂದು ನನಗೆ ಅರ್ಥವಾಯಿತು. ಟಾರ್ಮೊಡ್‌ಗೂ ಹೇಳಿದೆ. ಅವನು ಜಗಳವಾಡಲಿಲ್ಲ. ತಾಯಿ ಒಬ್ಬಳೇ ಇರುವುದು ಹೇಗೆಂದು ಅವನಿಗೂ ಗೊತ್ತು. ಬ್ಲಾರಾಗ್‌ಳ ಗೊರಸು ಬೆಳೆದಿತ್ತು, ದಾರಿಯಲ್ಲಿ ಕುಂಟಬಾರದೆಂದು ಕೂತು ಸರಿಮಾಡಿಕೊಟ್ಟ. 26ರ ಬೆಳಿಗ್ಗೆ ತೊಲೆ ಬಿಚ್ಚುವ ಮೊದಲು ಬರುತ್ತೇನೆ. ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರುತ್ತೇನೆ. ಏನಾದರೂ ಬಿಸಿಯಾಗಿ ಮಾಡಿರು.

ಇಶ್ಬೆಲ್

---

ಹಾಮರ್ಬೋಸ್ಟ್
ಆಗಸ್ಟ್ 24, 1961

ನನ್ನ ಇಶ್ಬೆಲ್,

ನಿನ್ನ ಕಳೆದ ಪತ್ರ ಓದಿ ನಾನು ಕುಣಿದಾಡಿದೆ. ಮುಚ್ಚಿಡುವುದೇನು ಬಂತು? ಗೆದ್ದೆ ಅನ್ನಿಸಿತು. ನಾಲ್ಕು ವಾರ ಬಾಯಿ ಕಟ್ಟಿಕೊಂಡು ಇದ್ದೆನಲ್ಲ, ಅದು ನನ್ನಂಥವಳಿಗೆ ಎಷ್ಟು ಕಷ್ಟವೆಂದು ನಿನಗೆ ಗೊತ್ತು. ಪ್ರತಿ ದಿನ ಒಂದು ಪತ್ರ ಬರೆದು ಒಲೆಗೆ ಹಾಕಿದ್ದೇನೆ. ನಿನ್ನ ಹಾಸಿಗೆಯನ್ನು ಬಿಸಿಲಿಗೆ ಹಾಕಿದೆ, ಬಾರ್ಲಿ ಸೂಪಿಗೆಂದು ಕುರಿಯ ಮೂಳೆ ತಂದಿಟ್ಟೆ, ಡೋಲಿನಾಳನ್ನು ಕರೆದು ಮಗಳು ಶನಿವಾರ ಬರುತ್ತಾಳೆ ಎಂದೆ.

ಅವಳು ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ. ಅವಳು, "ಪಾಪ, ಮತ್ತೆ ಆ ಕಿಟಕಿ ಪಕ್ಕ ಕೂರೋಕಾ?" ಅಂದಳು. ನನಗೆ ರೇಗಿತು. ಏನೇ ನಿನ್ನ ಮಾತಿನ ಅರ್ಥ ಎಂದು ಕೇಳಿದೆ. ಅವಳು ಹೆದರುವ ಪೈಕಿಯಲ್ಲ. "ಆರು ವರ್ಷದಿಂದ ಆ ಹುಡುಗಿ ಕಿಟಕಿ ಪಕ್ಕ ಕೂತು ನಿನ್ ಮಗ್ಗಕ್ಕೆ ಕಂಡಿಕೆ ಸುತ್ತೋದು ನೋಡಿದೀನಿ ಮುರ್ಡಿನಾ. ಬಾಯ್ತುಂಬ ನಕ್ಕಿದ್ದು ಒಂದಿನಾನೂ ನೋಡಿಲ್ಲ. ಗ್ಲ್ಯಾಸ್ಗೋದಲ್ಲಾದ್ರೂ ನಗ್ತಿದ್ದಾಳೇನೋ ಅನ್ಕೊಂಡಿದ್ದೆ," ಅಂದಳು.

ಅವಳನ್ನು ಬೈದು ಕಳಿಸಿ ಒಳಗೆ ಬಂದೆ. ನಿನ್ನ ಪತ್ರಗಳನ್ನೆಲ್ಲ ತೆಗೆದು ಮೇಜಿನ ಮೇಲೆ ಹರಡಿಕೊಂಡು ಓದಿದೆ. ಬೂಟು ಕಡಲಸಿಂಹದ್ದು ಎಂದು ಸುಳ್ಳು ಹೇಳುವವಳು ಇವಳು ಯಾರು? ಸೌಟು ತೋರಿಸಿ ಹೆದರಿಸಬೇಕಾದಷ್ಟು ನಗುವವಳು ಯಾರು? ನನಗೆ ಈ ಹುಡುಗಿಯ ಪರಿಚಯವೇ ಇರಲಿಲ್ಲ. ಈ ಮನೆಯಲ್ಲಿ ನೀನು ಆರು ವರ್ಷ ಸುಖವಾಗಿದ್ದೀಯ ಎಂದು ನಾನು ತಿಳಿದಿದ್ದೆ. ನೀನು ಸುಖವಾಗಿರಲಿಲ್ಲ, ಒಳ್ಳೆಯವಳಾಗಿದ್ದೆ ಅಷ್ಟೇ. ಅದು ನನಗೆ ಅನುಕೂಲವಾಗಿತ್ತು, ಅದಕ್ಕೇ ನಾನು ಕೇಳಲಿಲ್ಲ.

ನಾನೇ ಆ ಕಡೆ ಬಂದುಬಿಡಲೇ ಎಂದೂ ಯೋಚಿಸಿದೆ. ಎರಡು ದಿನ ಅದೇ ತಲೆಯಲ್ಲಿತ್ತು, ಪೆಟ್ಟಿಗೆಯನ್ನೂ ಕೆಳಗಿಳಿಸಿದ್ದೆ. ಆಮೇಲೆ ಪ್ರಾಮಾಣಿಕವಾಗಿ ನನ್ನನ್ನೇ ಕೇಳಿಕೊಂಡೆ. ನನಗೆ ನನ್ನ ಚಹಾ ಬೇಕು, ನನ್ನ ಮಗ್ಗ ಬೇಕು, ಗುಂಡಿ ಒತ್ತಿದರೆ ಹತ್ತುವ ದೀಪ ಬೇಕು. ನನ್ನ ಹಲ್ಲಿನ ಸೆಟ್ ನಿಮ್ಮ ಓಟ್ಸ್ ರೊಟ್ಟಿಗೆ ಮುರಿದರೆ 1761ರಲ್ಲಿ ಸರಿಮಾಡುವವರು ಯಾರು? ಮತ್ತೆ, ನಾನು ಬಂದರೆ ನೀನು ಪುನಃ ನನ್ನನ್ನು ನೋಡಿಕೊಳ್ಳಲು ಕೂರುತ್ತೀಯ. ಬೇಡ. ಇಲ್ಲಿ ನನಗೆ ಏನೂ ಕಡಿಮೆಯಿಲ್ಲ. ಡೋಲಿನಾಳ ಜೊತೆ ಜಗಳವಾಡಿದರೆ ಅರ್ಧ ದಿನ ಕಳೆಯುತ್ತದೆ.

ಅಳು ಬರುತ್ತಿದೆ, ಸುಳ್ಳೇಕೆ ಹೇಳಲಿ? ನೀನು ನನಗೆ ಬೇಕು. ಶನಿವಾರ ಮಧ್ಯಾಹ್ನ ಆ ಸೂಪು ಒಬ್ಬಳೇ ಕುಡಿಯುವಾಗ ಎದೆ ಒಡೆಯುತ್ತದೆ ಎಂದು ಈಗಲೇ ಗೊತ್ತು. ಆದರೂ ಕುಡಿಯುತ್ತೇನೆ. ಬಿಸಿಯಾಗಿಯೇ ಕುಡಿಯುತ್ತೇನೆ.

ಗೂಡಿನಲ್ಲಿ ಹಿಡಿಸುವಷ್ಟು ಸೋಪು ಇಟ್ಟಿದ್ದೇನೆ. ಮುಖ ತೊಳೆಯಲು ಮುಗಿಸಬೇಡ. ನಾಳೆ ನಿನಗೆ ಹೆರಿಗೆ ಮಾಡಿಸುವವರು ಯಾರೇ ಆಗಲಿ, ಮೋರ್ ಅತ್ತೆಯೇ ಆಗಲಿ, ಮೊಣಕೈವರೆಗೆ ಸೋಪು ಹಚ್ಚಿ ತೊಳೆಸು. ಕತ್ತರಿಯನ್ನು ಕುದಿಸು. ನಾಚಿಕೊಳ್ಳದೆ ಗದರಿಸಿ ಹೇಳು. ಸೂಜಿಗಳು ಇವೆ, ಜ್ವರದ ಮಾತ್ರೆ ಒಂದು ಸೀಸೆ ಇದೆ. ಬ್ಲಾರಾಗ್‌ಳನ್ನು ವಾಪಸ್ಸು ಕಳಿಸಬೇಡ. ಮಗಳು ಬರಿಗೈಯಲ್ಲಿ ಗಂಡನ ಮನೆಗೆ ಹೋದಳು ಎಂದು ಯಾರೂ ಅನ್ನಬಾರದು.

ಲಾಕ್ಲನ್ ಅವರೇ, ಇದನ್ನು ತಾವು ಎಲ್ಲರ ಮುಂದೆ ನಿಂತು ಓದಬೇಕು. ನಾನು, ಹಾಮರ್ಬೋಸ್ಟ್‌ನ ಮುರ್ಡಿನಾ, ನನ್ನ ಮಗಳು ಇಶ್ಬೆಲ್‌ಳನ್ನು ಟಾರ್ಮೊಡ್‌ಗೆ ಕೊಟ್ಟಿದ್ದೇನೆ. ಮನಸ್ಸಿಟ್ಟು ಕೊಟ್ಟಿದ್ದೇನೆ. ಈಗ ವಿಸ್ಕಿ ಕುಡಿಯಬಹುದು. ನನಗೆ ಐವತ್ತೆಂಟು.

ಟಾರ್ಮೊಡ್, ಅವಳು ಸಿಟ್ಟು ಬಂದಾಗ ಮಾತಾಡುವುದಿಲ್ಲ. ಸುಮ್ಮನಿದ್ದಾಳೆಂದರೆ ಚೆನ್ನಾಗಿದ್ದಾಳೆ ಎಂದುಕೊಂಡು ನಾನು ಮಾಡಿದ ತಪ್ಪು ನೀನು ಮಾಡಬೇಡ. ಕೇಳು. ಉತ್ತರ ಬರುವವರೆಗೆ ಕೇಳು.

ಇವತ್ತು ಬೆಳಿಗ್ಗೆ ಅಂಗಡಿಯ ವ್ಯಾನ್ ಬಂದಿತ್ತು. ಬ್ರೆಡ್ಡಿಗೆ ಸಾಲಿನಲ್ಲಿ ನಿಂತಾಗ ಡೋಲಿನಾ ನನ್ನ ಮುಖ ನೋಡಿ ಪಕ್ಕಕ್ಕೆ ಬಂದಳು. ಮೊನ್ನೆ ಆಡಿದ ಮಾತಿಗೆ ಬೇಜಾರು ಮಾಡಿಕೊಳ್ಳಬೇಡ ಎಂದಳು. ನಾನು, ಇಶ್ಬೆಲ್ ಶನಿವಾರ ಬರುವುದಿಲ್ಲ, ಅವಳ ಮದುವೆ ಗೊತ್ತಾಯಿತು, ಹುಡುಗ ಬೆಸ್ತರವನು, ಒಳ್ಳೆಯವನು ಎಂದೆ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಹೌದೇನೇ! ಎಲ್ಲಿಗೆ ಕೊಟ್ಟೆ? ಗ್ಲ್ಯಾಸ್ಗೋಗಾ?"

"ಅಷ್ಟು ದೂರ ಯಾರು ಕೊಡ್ತಾರೆ?" ಅಂದೆ. "ಇದೇ ಊರಿಗೆ ಕೊಟ್ಟೆ."

ಅವಳು ಊರಿನ ಗಂಡುಗಳನ್ನೆಲ್ಲ ಬೆರಳು ಮಡಿಸಿ ಎಣಿಸುತ್ತಾ ನಿಂತಳು. ನಾನು ಬ್ರೆಡ್ ತೆಗೆದುಕೊಂಡು, ನೇರವಾಗಿ ಮನೆಗೆ ಹೋಗದೆ, ಬಾವಿಯ ಮೇಲುಗಡೆ ಹಾದು ಬಂದೆ. ಅಲ್ಲಿ ಈಗ ಹುಲ್ಲು ಬೆಳೆದಿದೆ, ನಾಲ್ಕು ಮೂಲೆಗಲ್ಲು ಕಾಣುತ್ತವೆ. ಬಾಗಿಲು ಎಲ್ಲಿತ್ತೆಂದು ಅಂದಾಜು ಮಾಡಿ, ಅದರ ಮುಂದೆ ಸ್ವಲ್ಪ ಹೊತ್ತು ನಿಂತಿದ್ದೆ. ನನ್ನ ಮನೆಯಿಂದ ಅಲ್ಲಿಗೆ ನಡೆದರೆ ಐದು ನಿಮಿಷ. ಮಗಳ ಮನೆ ಇಷ್ಟು ಹತ್ತಿರ ಇರುವ ತಾಯಂದಿರು ಈ ದ್ವೀಪದಲ್ಲಿ ಎಷ್ಟು ಜನ ಇದ್ದಾರೆ ಹೇಳು.

ಸುಖವಾಗಿರು.

ನಿನ್ನ ಅಮ್ಮ
ಮುರ್ಡಿನಾ